ಲಗ್ನಪತ್ರಿಕೆ: ಇಂಗ್ಲಿಷಿನ ಝಾಪ್ಫಿನೋ ಪಕ್ಕ ಕನ್ನಡ ಹೆಸರು ಹೇಗೆ ಕೂರಿಸೋದು?

ಅಗ್ರಹಾರ ಡಿಟಿಪಿ, ಮೈಸೂರು:
ಲಗ್ನಪತ್ರಿಕೆ ಡಿಸೈನ್ ಮಾಡ್ತೀನಿ. ಒಬ್ಬ ಪಾರ್ಟಿ ಇಂಗ್ಲಿಷ್ ಹೆಸರುಗಳನ್ನ ಝಾಪ್ಫಿನೋ ಅನ್ನೋ ಬಳುಕೋ ಕೈಬರಹದ ಫಾಂಟಲ್ಲಿ ಒಪ್ಪಿಕೊಂಡಿದ್ದಾರೆ. ಎದುರು ಪುಟದ ಕನ್ನಡವೂ ಹಾಗೇ ಬಳುಕಬೇಕಂತೆ. ಶ್ರೀನಿವಾಸ, ಪೂರ್ಣಿಮಾ, ಎರಡೇ ಹೆಸರು. ಕನ್ನಡ ಟೈಪಿಂಗಿನ ನುಡಿಯಲ್ಲಿ ಹೊಡೆದು ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಓರೆ ಮಾಡಿದ್ರೆ ಚೆನ್ನಾಗಿ ಕಾಣ್ತಿಲ್ಲ. ಗೋಲ್ಡ್ ಫಾಯಿಲ್ (ಚಿನ್ನದ ಬಣ್ಣದ ತೆಳು ಹಾಳೆ ಒತ್ತೋ) ಕೆಲಸ. ಯಾವ ಫಾಂಟ್ ಹಾಕಲಿ?

ಸರಸ್ವತಿಪುರಂ ಹುಡುಗಿ:
ಗೂಗಲ್ ಫಾಂಟ್ಸ್‌ನಲ್ಲಿ ಅಕಾಯ ಕನ್ನಡಕ ಇದೆ ಸರ್, ಉಚಿತ. ಕೈಬರಹದ ಗುಣ ಇದೆ, ಆದ್ರೆ ಝಾಪ್ಫಿನೋ ಥರ ಉದ್ದ ಬಳ್ಳಿ ಇಲ್ಲ.

ಮಂಡ್ಯ ಬೋರ್ಡ್ ಬರೆಯೋನು:
ಅಣ್ಣ, ಮೊದಲು ಆ ಓರೆ ತೆಗೀರಿ. ನಮ್ಮ ಅಕ್ಷರ ಗುಂಡು, ಎಳೆದು ವಾಲಿಸಿದ್ರೆ ಹೊಟ್ಟೆ ಸೊಟ್ಟ ಆಗ್ತದೆ. ಹರ್ಮನ್ ಝಾಪ್ಫ್ 1944ರಲ್ಲೇ ಸ್ಕೆಚ್ ಪುಸ್ತಕದಲ್ಲಿ ಪೆನ್ನಲ್ಲಿ ಬರೆದಿಟ್ಟ ಅಕ್ಷರ ಆ ಝಾಪ್ಫಿನೋ. ಫಾಂಟ್ ಕಂಪನಿ ಲೈನೋಟೈಪ್‌ನಿಂದ ಫಾಂಟಾಗಿ ಬಂದದ್ದು 1998ರಲ್ಲಿ. ಹಳೇ ಅಚ್ಚಿನ ಸೀಸದ ಮೊಳೆಯ ಚೌಕಟ್ಟು ದಾಟಿ ಬಾಲ ಅಷ್ಟು ದೂರ ಚಾಚೋಕೆ ಆಗ್ತಿರಲಿಲ್ಲ, ಕಂಪ್ಯೂಟರಲ್ಲಿ ಆಯ್ತು. ಇಂಗ್ಲಿಷಿಗೆ ಚಾಚೋಕೆ ಡಿ, ಎಫ್, ವೈಗಳ ಕಡ್ಡಿ ಇದೆ. ನಮಗೆ ಒತ್ತು, ಕೊಂಬು, ದೀರ್ಘ ಇದೆ.

ನೀವು ಕೊಟ್ಟ ಹೆಸರುಗಳನ್ನೇ ನೋಡಿ. ಶ್ರೀನಿವಾಸದಲ್ಲಿ ಒತ್ತು ಇರೋದು ಶ್ರೀ ಕೆಳಗೆ ಮಾತ್ರ. ನಿ, ವಾ, ಸ ಮೂರರ ಕೆಳಗೂ ಜಾಗ ಖಾಲಿ. ಆ ರ-ಒತ್ತಿನ ಬಾಲವನ್ನ ಸ ಮುಗಿಯೋವರೆಗೂ ಒಂದೇ ಉಸಿರಲ್ಲಿ ಎಳೀಬಹುದು. ಎಷ್ಟು ಚೆಂದ ಕೂರ್ತದೆ ಗೊತ್ತಾ! ಪೂರ್ಣಿಮಾದಲ್ಲಿ ಅರ್ಕಾವತ್ತು ಮಧ್ಯೆ ಸಿಕ್ಕಿಕೊಂಡಿದೆ, ಅದನ್ನ ಮುಟ್ಟಬೇಡಿ, ಓದೋಕಾಗಲ್ಲ. ಕೊನೆಯ ಮಾ ದೀರ್ಘವನ್ನ ಮೇಲಕ್ಕೆ ತಿರುಗಿಸಿ ಬಿಡಿ. ಒಂದು ಹೆಸರಿಗೆ ಒಂದೇ ಬಳ್ಳಿ. ತಲೆಕಟ್ಟಿಗೆಲ್ಲಾ ಸುರುಳಿ ಹಾಕಿದ್ರೆ ಹೆಸರೇ ಕಾಣಲ್ಲ.

ಫಾಂಟ್ ಹುಡುಕೋ ಬದಲು ಕಟ್ ನಿಬ್ಬಲ್ಲಿ (ತುದಿ ಕತ್ತರಿಸಿದ ಅಗಲ ನಿಬ್ಬಲ್ಲಿ) ದೊಡ್ಡದಾಗಿ ಬರೆದು ಸ್ಕ್ಯಾನ್ ಮಾಡಿ ಟ್ರೇಸ್ ಮಾಡಿ. ಎರಡು ಹೆಸರು ತಾನೆ.

ಅಗ್ರಹಾರ ಡಿಟಿಪಿ, ಮೈಸೂರು:
ಒಳ್ಳೇ ದಾರಿ ಅಣ್ಣ. ಕೈ ಅಷ್ಟು ಪಳಗಿಲ್ಲ, ನುಡಿ ಅಕ್ಷರದ ಮೇಲೇ ಬಾಲ ಜೋಡಿಸಬಹುದಾ? ಮುಹೂರ್ತ, ಸ್ಥಳ ಎಲ್ಲಾನೂ ಬಳ್ಳಿ ಅಕ್ಷರದಲ್ಲೇ ಹಾಕು ಅಂತಾರೆ.

ಮಂಡ್ಯ ಬೋರ್ಡ್ ಬರೆಯೋನು:
ಜೋಡಿಸಬಹುದು. ನುಡಿಯ ಹಳೇ ಫಾಂಟಲ್ಲಿ ಅಕ್ಷರ ತುಂಡು ತುಂಡಾಗಿರ್ತದೆ, ಕರ್ವ್ಸ್ ಮಾಡಿ (ಅಕ್ಷರವನ್ನ ಬರೀ ಆಕಾರ ಮಾಡಿ) ಆದ ಮೇಲೆ ವೆಲ್ಡ್ ಕೊಟ್ಟು ತುಂಡುಗಳನ್ನ ಒಂದು ಮಾಡಿ, ಇಲ್ಲಾಂದ್ರೆ ಔಟ್‌ಲೈನ್ ಹಾಕಿದಾಗ ಬೆಸುಗೆ ಗೆರೆ ಎದ್ದು ಕಾಣ್ತದೆ. ಬಾಲದ ತುದಿ ಅರ್ಧ ಪಾಯಿಂಟ್‌ಗಿಂತ ಸಣ್ಣ ಮಾಡಬೇಡಿ, ಫಾಯಿಲ್ ಹಿಡಿಯದೆ ಅಲ್ಲಲ್ಲಿ ಕಿತ್ತು ಬರ್ತದೆ, ಒರಟು ಕಾಗದದಲ್ಲಂತೂ ಇನ್ನೂ ಜಾಸ್ತಿ.

ಮುಹೂರ್ತ, ಛತ್ರದ ವಿಳಾಸಕ್ಕೆ ಬಳ್ಳಿ ಬೇಡವೇ ಬೇಡ. ಕನ್ನಡಕ ಹಾಕ್ಕೊಂಡು ಓದೋ ಅಜ್ಜಂದಿರಿಗೂ ಪತ್ರಿಕೆ ಹೋಗ್ತದೆ. ಅದನ್ನ ಸಾದಾ ಅಕ್ಷರದಲ್ಲಿ, ಹೆಸರಿನ ಬಾಲ ತಾಕದಷ್ಟು ಸಾಲಿನ ಅಂತರ ಬಿಟ್ಟು ಕೂರಿಸಿ. ಹಾಗೇ ಇಂಗ್ಲಿಷ್ ಪುಟದಲ್ಲೂ ಝಾಪ್ಫಿನೋನ ಪೂರ್ತಿ ಕ್ಯಾಪಿಟಲ್‌ನಲ್ಲಿ ಹೊಡೀಬೇಡಿ, ಮೊದಲಕ್ಷರ ಒಂದೇ ಕ್ಯಾಪಿಟಲ್ ಇರಲಿ. ಫೈಲ್ ಆದ್ಮೇಲೆ ಇಲ್ಲಿ ಹಾಕಿ, ಫಾಯಿಲ್ ಒತ್ತೋ ಬ್ಲಾಕ್‌ಗೆ ಕೊಡೋ ಮುಂಚೆ ಒಂದ್ಸಲ ನೋಡ್ತೀನಿ.