ಬಾಯಿ ತೆರೆಯುವ ಧೈರ್ಯ ಬೇಕು, ಪ್ರಾರ್ಥನೆಗೆ ಜೊತೆಯಾಗುತ್ತೀರಾ?

ಕ್ಲೀನಿಂಗ್ ಮಾಡುವ ಹೆಂಗಸರ ಓವರ್‌ಟೈಮ್ ಗಂಟೆಗಳನ್ನು ನಮ್ಮ ಮೇಲಿನವರು ರಿಜಿಸ್ಟರ್‌ನಲ್ಲಿ ವೈಟ್‌ನರ್ ಹಚ್ಚಿ ತಿದ್ದುತ್ತಾರೆ. ಕಣ್ಣಾರೆ ನೋಡಿದ್ದೇನೆ. ಆ ಪುಟದ ಕೆಳಗೆ ನನ್ನದೇ ಸಹಿ ಇದೆ. ಮೂರು ವಾರದಿಂದ ಸುಮ್ನೆ ಇದ್ದೇನೆ.

ದಿನಾ ಪ್ರಾರ್ಥಿಸುತ್ತೇನೆ. ಆದರೆ ನಿಜ ಹೇಳಬೇಕೆಂದರೆ, ಕೇಳುವುದು ‘ಕರ್ತನೇ, ಇದು ತಾನಾಗಿಯೇ ಸರಿಹೋಗಲಿ’ ಅಂತ. ಮೊನ್ನೆ ಬೈಬಲ್‌ನಲ್ಲಿ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯ ಓದಿದೆ. ಯೇಸುವಿನ ಶಿಷ್ಯರಾದ ಪೇತ್ರ, ಯೋಹಾನರನ್ನು ಅಧಿಕಾರಿಗಳು ಹೆದರಿಸಿ ಕಳಿಸಿದ ಮೇಲೆ ವಿಶ್ವಾಸಿಗಳು ಬೇಡಿದ್ದು ಧೈರ್ಯವಾಗಿ ಮಾತಾಡುವ ಶಕ್ತಿಯನ್ನು. ನಾಚಿಕೆಯಾಯಿತು.

ಬೈಬಲ್‌ನ ರಾಣಿ ಎಸ್ತೇರಳೂ ತನ್ನ ಜನರ ಪ್ರಾಣ ಉಳಿಸಲು ಅರಸನ ಮುಂದೆ ಹೋಗುವ ಮೊದಲು 3 ದಿನದ ಉಪವಾಸಕ್ಕೆ ತನ್ನ ಜನರನ್ನು ಸೇರಿಸಿಕೊಂಡಳು, ಅಲ್ವಾ? ಅದಕ್ಕೇ ಕೇಳುತ್ತಿದ್ದೇನೆ. ಸೋಮವಾರ ಮೀಟಿಂಗ್ ಇದೆ. ಅಲ್ಲಿಯವರೆಗೆ ನನಗಾಗಿ ಪ್ರಾರ್ಥಿಸುತ್ತೀರಾ? ಇಂಥ ಮಾತು ಎತ್ತಿದವರು ಯಾರಾದರೂ ಇದ್ದರೆ, ಮೊದಲ ವಾಕ್ಯ ಏನು ಹೇಳಿದಿರಿ ತಿಳಿಸಿ. ನನಗೆ ಅಲ್ಲೇ ಗಂಟಲು ಕಟ್ಟುತ್ತದೆ.