ಸಹಾಯ ಬೇಕು: 35 ಲಕ್ಷದೊಳಗೆ ಮನೆ, ಸಬ್ಸಿಡಿ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ನಾವು ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೇವೆ, ಒಂದು ರೂಮು, ಒಂದು ಹಾಲ್, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಫ್ರಿಜ್ ಬಾಗಿಲು ತೆಗೆಯಲು ಆಗಲ್ಲ. ಈ ಯುಗಾದಿಗೆ ಓನರ್ ಮತ್ತೆ ಬಾಡಿಗೆ ಏರಿಸಿದರು. ಸುಮ್ನೆ ಬಾಡಿಗೆ ಕಟ್ಟೋ ಬದಲು ಇಎಂಐ ಕಟ್ಟೋಣ ಅಂತ ಹೊರಟಿದ್ದೇವೆ.

ನನ್ನದೂ ಹೆಂಡತಿಯದೂ ಸೇರಿ ವರ್ಷಕ್ಕೆ 8 ಲಕ್ಷ ಆದಾಯ, ಎಲ್ಲೂ ಸ್ವಂತ ಮನೆ ಇಲ್ಲ. 2024ರಲ್ಲಿ ಶುರುವಾದ ಕೇಂದ್ರದ ವಸತಿ ಯೋಜನೆ ಪಿಎಂ ಆವಾಸ್ ನಗರ 2.0ರಲ್ಲಿ 9 ಲಕ್ಷದವರೆಗೆ ಆದಾಯ ಇರುವವರಿಗೂ ಬಡ್ಡಿ ಸಬ್ಸಿಡಿ ಇದೆ. ಸಾಲ 25 ಲಕ್ಷ, ಮನೆ ಬೆಲೆ 35 ಲಕ್ಷ ಮೀರಬಾರದು. ಮೊದಲ 8 ಲಕ್ಷ ಸಾಲಕ್ಕೆ ಶೇ 4 ಬಡ್ಡಿ ಸಬ್ಸಿಡಿ, ಒಟ್ಟು 1.80 ಲಕ್ಷದವರೆಗೆ. ಆದರೆ ಬೆಂಗಳೂರಲ್ಲಿ 35 ಲಕ್ಷಕ್ಕೆ ಮನೆ ಎಲ್ಲಿದೆ ಸ್ವಾಮಿ? ಬ್ರೋಕರ್ ಒಬ್ಬರು ನೆಲಮಂಗಲದ ಹತ್ತಿರ ಒಂದು ಫ್ಲ್ಯಾಟ್ ತೋರಿಸಿದರು, 33 ಲಕ್ಷ ಅಂದರು, ಆಮೇಲೆ ಪಾರ್ಕಿಂಗ್, ಕರೆಂಟು, ನೀರು ಅಂತ ಸೇರಿಸಿ 39ಕ್ಕೆ ತಂದು ನಿಲ್ಲಿಸಿದರು. ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಕೇಳಿದರೆ "ಆಗುತ್ತೆ ಬಿಡಿ ಸರ್" ಅಷ್ಟೇ! ಇದರ ಮೇಲೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಬೇರೆ ಶೇ 1ರಿಂದ 2 ಆಗಿದೆ.

ಈ ಸಬ್ಸಿಡಿ ನಿಜವಾಗಿ ಪಡೆದವರು ಇದ್ದೀರಾ? ಬ್ಯಾಂಕಿನವರೇ ಅರ್ಜಿ ಹಾಕಿದರಾ, ನೀವೇ ಪೋರ್ಟಲ್‌ನಲ್ಲಿ ಹಾಕಿದಿರಾ? ಕಣಿಮಿಣಿಕೆಯ ಬಿಡಿಎ ಫ್ಲ್ಯಾಟ್‌ಗಳಲ್ಲಿ ಇರುವವರು ನೀರು, ಬಸ್ಸು ಹೇಗಿದೆ ಅಂತ ಹೇಳಿ, ನನ್ನ ಕೆಲಸ ಪೀಣ್ಯದಲ್ಲಿ. ದಯವಿಟ್ಟು ಬ್ರೋಕರ್‌ಗಳು ಮೆಸೇಜ್ ಮಾಡಬೇಡಿ.