ಮಳೆಗಾಲದಲ್ಲಿ ಉಬ್ಬುತ್ತದೆ, ದುಬೈಗೆ ಹೋದರೆ ಸೀಳುತ್ತದೆ: ನನ್ನ ಮ್ಯಾಂಡೊಲಿನ್‌ಗೆ ಏನಾಗಿದೆ?

ಮುಳ್ಳೇರಿಯದ ಆಚಾರಿ:
ನಮಸ್ಕಾರ. ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. ಹಗಲು ದಾರಂದ, ಬಾಗಿಲು, ಮಂಚದ ಕೆಲಸ. ಸಂಜೆ ಮ್ಯಾಂಡೊಲಿನ್ ಮಾಡುವ ಹುಚ್ಚು. ಈವರೆಗೆ ಮೂರು ಮಾಡಿದ್ದೇನೆ, ಮೂರೂ ಹಲಸಿನ ಮರದ್ದು. ವೀಣೆ, ಮೃದಂಗ ಎಲ್ಲ ಅದರಲ್ಲೇ ಮಾಡ್ತಾರಲ್ವಾ ಅಂತ ಧೈರ್ಯ.

ಮೊದಲನೆಯದನ್ನು ಆಟಿ ತಿಂಗಳಲ್ಲಿ ಮಾಡಿದೆ. ಮಳೆಗೆ ಬೇರೆ ಕೆಲಸ ಇರಲಿಲ್ಲ. ಭಾವ ಅದನ್ನು ದುಬೈಗೆ ತಗೊಂಡು ಹೋದ, ಏಸಿ ರೂಮಲ್ಲಿ ಗೋಡೆಗೆ ನೇತು ಹಾಕಿದ, ಮೂರೇ ತಿಂಗಳಲ್ಲಿ ಹಿಂದಿನ ಹಲಗೆ ಒಂದು ಗೇಣು ಸೀಳಿತು. ಎರಡನೆಯದನ್ನು ಫೆಬ್ರವರಿಯಲ್ಲಿ ಮಾಡಿದೆ. ಚೆನ್ನಾಗಿಯೇ ಇತ್ತು. ಜುಲೈಗೆ ಮೇಲಿನ ಹಲಗೆ ಉಬ್ಬಿ, ಹನ್ನೆರಡನೇ ಫ್ರೆಟ್ (ಸ್ವರಕ್ಕೆ ತಂತಿ ಒತ್ತುವ ಅಡ್ಡ ಗೆರೆ) ಹತ್ತಿರ ಎರಡು ಮಿಲಿಮೀಟರ್ ಎತ್ತರ ಇದ್ದ ತಂತಿ ನಾಲ್ಕಕ್ಕೆ ಬಂತು. ಸಿಟ್ಟಲ್ಲಿ ಮೂರನೆಯದಕ್ಕೆ ಹಲಗೆಯನ್ನೇ ದಪ್ಪ ಇಟ್ಟೆ, ಸರಿಯಾಗಿ ಐದು ಮಿಲಿಮೀಟರ್, ಅಡ್ಡಪಟ್ಟಿ ಬೇರೆ. ಈಗ ಉಬ್ಬುವುದಿಲ್ಲ. ಆದರೆ ನುಡಿಸಿದರೆ ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ.

ಇನ್ನೊಂದು, ಮೂರರಲ್ಲೂ ಏಳನೇ ಫ್ರೆಟ್ ದಾಟಿದರೆ ಶ್ರುತಿ ಏರುತ್ತದೆ. ಭಜನೆಯಲ್ಲಿ ಹಾರ್ಮೋನಿಯಂನವರು ನನ್ನ ಮುಖ ನೋಡ್ತಾರೆ. ಊರಲ್ಲಿ ಕೇಳಿದರೆ ಎಲ್ಲರೂ ಅಂಟು ಸರಿಯಿಲ್ಲ ಅಂತಾರೆ. ಹೌದಾ?

ಮಿರಜ್ ತಂತಿ:
ಆಚಾರ್ರೇ, ಅಂಟಿನ ತಪ್ಪಲ್ಲ. ಅಂಟು ಬಿಟ್ಟಿದ್ದರೆ ಅಂಚು ಬಾಯಿ ಬಿಡುತ್ತಿತ್ತು. ನಿಮ್ಮದು ಗಟ್ಟಿಯಾಗಿ ಹಿಡಿದಿದೆ, ಅದಕ್ಕೇ ಹಲಗೆ ಸೀಳಿತು.

ನಾನು ಮಿರಜ್‌ನಲ್ಲಿ ತಂಬೂರಿ, ಸಿತಾರ್ ರಿಪೇರಿ ಮಾಡುವವನು. ನಮ್ಮೂರಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಸಿಕ್ಕಿತು, ಅದರಿಂದ ನನ್ನ ಬಾಡಿಗೆ ಏನೂ ಕಡಿಮೆಯಾಗಲಿಲ್ಲ, ಅದು ಬೇರೆ ಮಾತು. ನಿಮ್ಮ ಎರಡೂ ಕಥೆ ಒಂದೇ ರೋಗ. ಮರ ಉದ್ದಕ್ಕೆ ಹೆಚ್ಚು ಕಡಿಮೆ ಆಗುವುದೇ ಇಲ್ಲ ಅನ್ನಬಹುದು, ಅಗಲಕ್ಕೆ ಮಾತ್ರ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಆಟಿಯಲ್ಲಿ ಮುಚ್ಚಿದಾಗ ಹಲಗೆ ನೀರು ಕುಡಿದು ಹಿಗ್ಗಿತ್ತು. ಏಸಿ ರೂಮಲ್ಲಿ ಕುಗ್ಗಲು ನೋಡಿತು, ಸುತ್ತ ಅಂಟು ಬಿಡಲಿಲ್ಲ, ಸೀಳಿತು. ಫೆಬ್ರವರಿಯದ್ದು ಉಲ್ಟಾ. ಜುಲೈಯಲ್ಲಿ ಹಿಗ್ಗಿತು, ಅಂಚಿಗೆ ಹೋಗಲು ಜಾಗ ಇಲ್ಲ, ಮೇಲಕ್ಕೆ ಎದ್ದಿತು. ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಮರದ ತುಂಡು, ಅದರ ಮೇಲೇ ಕೂತಿದೆ, ತಂತಿಯೂ ಎದ್ದಿತು.

ಆದರೂ ನಿಮ್ಮ ತಪ್ಪುಗಳಲ್ಲಿ ಫೆಬ್ರವರಿಯದ್ದೇ ಒಳ್ಳೆಯ ತಪ್ಪು. ಉಬ್ಬಿದ್ದು ಬೇಸಿಗೆಯಲ್ಲಿ ಇಳಿಯುತ್ತದೆ, ಅಲ್ಲಿವರೆಗೆ ಮಳೆಗಾಲಕ್ಕೆ ಅಂತ ಒಂದು ಗಿಡ್ಡ ಕುದುರೆ ಮಾಡಿಡಿ. ಸೀಳಿದ್ದು ತಾನಾಗಿ ಕೂಡುವುದಿಲ್ಲ. ಪೆಟ್ಟಿಗೆ ಮುಚ್ಚುವ ಕೆಲಸ ಒಣ ದಿನದಲ್ಲೇ ಆಗಬೇಕು. ನಿಮ್ಮ ಕರಾವಳಿಯಲ್ಲಿ ಫೆಬ್ರವರಿಯ ಗಾಳಿಯಲ್ಲೂ ಪಸೆ ಇರುತ್ತದೆ, ಹಾಗಾಗಿ ಹಳೇ ಕಪಾಟೊಂದರಲ್ಲಿ ನಲವತ್ತು ವಾಟಿನ ಹಳದಿ ಬಲ್ಬು ಉರಿಸಿ, ತೇವ ತೋರಿಸುವ ಒಂದು ಮೀಟರ್ ಇಡಿ. ಒಳಗೆ 45-50 ಪರ್ಸೆಂಟ್ ಸಿಕ್ಕರೆ ಸಾಕು. ಹಲಗೆಯನ್ನು ತೆಳು ಮಾಡಿ ಒಳಗಿಟ್ಟು ವಾರಕ್ಕೊಮ್ಮೆ ಅಡಿಗೆ ಮನೆ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಅಂಟು ಹಚ್ಚಿ, ಅದಕ್ಕೂ ಮುಂಚೆ ಬೇಡ.

ಹಲಗೆ ಹೇಗೆ ಕುಯ್ಸಿದಿರಿ ಅಂತಲೂ ಹೇಳಿ. ಬೆಳವಣಿಗೆಯ ಉಂಗುರ ಹಲಗೆಗೆ ನೆಟ್ಟಗೆ ನಿಲ್ಲುವ ಹಾಗೆ ಕುಯ್ದದ್ದು ಕಡಿಮೆ ಆಡುತ್ತದೆ. ಉಂಗುರ ಮಲಗಿದ ಹಲಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಆಡುತ್ತದೆ. ಬಾಗಿಲಿಗೆ ಹೂವಿನ ಹಾಗೆ ಕಾಣುವ ಹಲಗೆ ಚೆಂದ, ವಾದ್ಯಕ್ಕೆ ಅದೇ ಶತ್ರು.

ಹೊಸೂರು ಫ್ರೆಟ್:
ತೇವದ ವಿಷಯ ಮಿರಜ್ ಅಣ್ಣ ಹೇಳಿದ್ದು ಸರಿ. ಆದರೆ ಮೇಲಿನ ಹಲಗೆಗೆ ಹಲಸು ಬೇಡವೇ ಬೇಡ ಅಂತ ನಾನು ಹೇಳ್ತೀನಿ. ವೀಣೆಯನ್ನು ದಪ್ಪ ಮರದಿಂದ ಕೊರೆಯುತ್ತಾರೆ, ಮೃದಂಗದಲ್ಲಿ ಮಾತಾಡುವುದು ಚರ್ಮ. ಮ್ಯಾಂಡೊಲಿನ್‌ನಲ್ಲಿ ಮಾತಾಡುವುದು ಆ ತೆಳು ಹಲಗೆಯೇ. ಎಂಟು ತಂತಿ ಸೇರಿ ಎಪ್ಪತ್ತು ಕೆಜಿ ಹತ್ತಿರ ಎಳೆಯುತ್ತವೆ, ಹಗುರವೂ ಇರಬೇಕು, ಬಗ್ಗಲೂ ಬಾರದು. ಅದಕ್ಕೇ ಸ್ಪ್ರೂಸ್ ಅನ್ನುವ ಚಳಿ ದೇಶದ ಮರ ಹಾಕುವುದು. ಹಿಂದಿನ ಹಲಗೆ, ಪಕ್ಕ ಹಲಸಲ್ಲೇ ಇರಲಿ, ಬಣ್ಣ ಎಷ್ಟು ಚೆನ್ನಾಗಿರುತ್ತೆ. ಫಿಂಗರ್ ಬೋರ್ಡಿಗೆ ಹಳೇ ಮನೆ ಬಿಚ್ಚಿದ ಬೀಟೆ ತುಂಡು ಸಿಕ್ಕರೆ ಬಿಡಬೇಡಿ.

ಈಗ ಶ್ರುತಿ. ಫ್ರೆಟ್ ಅಳತೆ ಹೇಗೆ ಹಾಕಿದಿರಿ? ಒಂದರಿಂದ ಮುಂದಿನದಕ್ಕೆ ಟೇಪ್ ಇಟ್ಟು ಹೋದರೆ ಪ್ರತಿ ಸಲದ ಕೂದಲೆಳೆ ತಪ್ಪು ಕೂಡುತ್ತಾ ಹೋಗುತ್ತದೆ, ಏಳನೆಯದಕ್ಕೆ ಬರುವಾಗ ಕಿವಿಗೆ ಕೇಳಿಸುತ್ತದೆ. ಎಲ್ಲವನ್ನೂ ನಟ್‌ನಿಂದಲೇ (ಬಿರಡೆ ಕಡೆ ತಂತಿ ಕೂರುವ ಗೀರುಪಟ್ಟಿ) ಅಳೆಯಿರಿ. ನಟ್‌ನಿಂದ ಕುದುರೆಗೆ ತಂತಿಯ ಉದ್ದ 352 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ 19.76, ಅದು ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿ ಕೂಡಿಸಿದರೆ ಎರಡನೆಯದು 38.40ಕ್ಕೆ. ಹೀಗೇ ಹೋದರೆ ಏಳನೆಯದು 117.07ಕ್ಕೆ, ಹನ್ನೆರಡನೆಯದು ಸರಿಯಾಗಿ ನಡುವೆ, 176ಕ್ಕೆ ಬರಬೇಕು. ಬರದಿದ್ದರೆ ಲೆಕ್ಕ ತಪ್ಪಿದೆ ಅಂತ.

ಕುದುರೆಯನ್ನು 352ಕ್ಕೇ ಇಟ್ಟಿದ್ದೀರಾ? ಅದೂ ತಪ್ಪು. ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಏರುತ್ತದೆ, ತಂತಿ ಎತ್ತರ ಇದ್ದಷ್ಟೂ ಜಾಸ್ತಿ. ಎರಡು ಮೂರು ಮಿಲಿಮೀಟರ್ ಹಿಂದೆ ಸರಿಸಿ. ಹನ್ನೆರಡನೇ ಫ್ರೆಟ್ ಮೇಲೆ ತಂತಿಗೆ ಬೆರಳು ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ, ಎರಡೂ ಒಂದಾಗುವ ತನಕ ಸರಿಸುತ್ತಾ ಹೋಗಿ. ಮ್ಯಾಂಡೊಲಿನ್ ಕುದುರೆಗೆ ಅಂಟೇ ಇರುವುದಿಲ್ಲವಲ್ಲ, ಸುಲಭ.

ಅಕ್ಕಲಕೋಟೆಯ ರಸಿಕ:
ಇಷ್ಟು ರಗಳೆ ಯಾಕ್ರೀ? ಕರ್ನಾಟಕ ಸಂಗೀತ ನುಡಿಸುವವರು ಗಿರಾಕಿ ಆದರೆ ಗಟ್ಟಿ ಮರದಲ್ಲಿ ಎಲೆಕ್ಟ್ರಿಕ್ ಮಾಡಿ. ಪಾಲಕೊಲ್ಲಿನ ಯು. ಶ್ರೀನಿವಾಸ್ ನುಡಿಸಿದ್ದೂ ಎಲೆಕ್ಟ್ರಿಕ್ಕೇ, ಜೋಡಿ ತಂತಿ ತೆಗೆದು ಒಂಟಿ ಮಾಡಿ, ಆಮೇಲೆ ಐದು ತಂತಿಗೆ ಬಂದರು. ಒಂಟಿ ತಂತಿ ಎಳೆದು ಗಮಕ ಹಿಡಿಯೋದು ಸುಲಭ. ಉಬ್ಬಲು ತೆಳು ಹಲಗೆಯೇ ಇರಲ್ಲ.

ಮುಳ್ಳೇರಿಯದ ಆಚಾರಿ:
ಎಲ್ಲರಿಗೂ ಉಪಕಾರ ಮಾರಾಯ್ರೇ. ಹೊಸೂರಿನವರು ಹೇಳಿದ್ದು ಓದಿ ಸ್ಕೇಲ್ ಹಿಡಿದೆ, ಏಳನೇ ಫ್ರೆಟ್ 118ಕ್ಕೇ ಕೂತಿದೆ. ನಾಚಿಕೆ ಆಯ್ತು. ದಾರಂದಕ್ಕೆ ಒಂದು ಮಿಲಿಮೀಟರ್ ಅಂದರೆ ಅಳತೆಯೇ ಅಲ್ಲ ನೋಡಿ. ಹಲಗೆ ಮಿಲ್ಲಿನವರು ಕುಯ್ದು ಕೊಟ್ಟದ್ದು, ಉಂಗುರ ಮಲಗಿಯೇ ಇದೆ.

ಎಲೆಕ್ಟ್ರಿಕ್ ಬೇಡ ರಸಿಕರೇ, ನನಗೆ ಪೆಟ್ಟಿಗೆಯ ಸದ್ದೇ ಇಷ್ಟ. ಮೂರನೆಯದರ ಹಲಗೆಯನ್ನು ಮೂರು ಮಿಲಿಮೀಟರಿಗೆ ಇಳಿಸುತ್ತೇನೆ. ಒಂದು ಡೌಟು: ಕಪಾಟಿನ ಬದಲು ಅಡಿಗೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಆಗುತ್ತದಾ? ಅಲ್ಲಿ ಜೋರು ಮಳೆಯಲ್ಲೂ ತೆಂಗಿನಕಾಯಿ ಒಣಗುತ್ತದೆ.

ಮಿರಜ್ ತಂತಿ:
ದಿಮ್ಮಿ ಇಡಿ, ಎರಡು ವರ್ಷ ಮರೆತುಬಿಡಿ. ತೆಳು ಹಲಗೆ ಇಡಬೇಡಿ, ಬೆಳಿಗ್ಗೆ ಬಿಸಿ ಸಂಜೆ ತಂಪು ಆಗಿ ಹಪ್ಪಳದ ಹಾಗೆ ತಿರುಚುತ್ತದೆ. ಮತ್ತೆ, ಮೂರನೆಯದನ್ನು ಮೂರಕ್ಕೆ ಒಂದೇ ಸಲ ಇಳಿಸಬೇಡಿ. ಮೊದಲು ನಾಲ್ಕಕ್ಕೆ ತಂದು ತಂತಿ ಕಟ್ಟಿ ಕೇಳಿ, ಆಮೇಲೆ ಅಂಚಿನ ಕಡೆಯಿಂದ ಸ್ವಲ್ಪ ಸ್ವಲ್ಪ. ಭಾವನಿಗೆ ಫೋನ್ ಮಾಡಿ ಆ ಸೀಳಿನ ಫೋಟೋ ತರಿಸಿ, ತೇಪೆ ಹಾಕಬಹುದಾ ನೋಡೋಣ.